ಮೂರನೇ ಮಹಡಿಯ ಸ್ಪೇನಿನವನು

ಅವನು ಮೈದಾನದಲ್ಲಿ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಈಗ ಅಷ್ಟು ಧೈರ್ಯವಿಲ್ಲ. ಅದೇ ಹೊತ್ತಿಗೆ ಅಮ್ಮ ಕಡಲೆಕಾಯಿ ಪೊಟ್ಟಣ ಚಾಚಿದ್ದಳು, ನಾನು ಅವಳ ಕಡೆ ತಿರುಗಿದ್ದೆ ಎಂಬುದೂ ನೆನಪಿದೆ. ಎರಡೂ ನಿಜವಾಗಿರಲಾರದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು ಎಂದು ಕಲಿತೆ. ಆ ಒಬ್ಬ ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಬೊಮ್ಮಸಂದ್ರದ ಹತ್ತಿರ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಫುಟ್‌ಬಾಲ್ ಮೈದಾನವಿದೆ. ಅದರ ಎದುರಿಗೆ ಅಪ್ಪ ಕಟ್ಟಿಸಿದ ಬಾಡಿಗೆ ಮನೆಗಳು. ಅಲ್ಲಿ ಆಡುತ್ತಿದ್ದ ಸಣ್ಣ ಕ್ಲಬ್ಬು ಸ್ಪೇನಿನಿಂದ ಒಬ್ಬ ಆಟಗಾರನನ್ನು ಕರೆಸಿ ನಮ್ಮ ಮೂರನೇ ಮಹಡಿಯಲ್ಲಿ ಇರಿಸಿತು. ಆಗ ಖಾಲಿ ಇದ್ದದ್ದು ಅದೊಂದೇ. ಲಿಫ್ಟ್ ಇರಲಿಲ್ಲ.

ಮೊದಲ ದಿನ ಅಮ್ಮ ಅವನನ್ನು ಬಾಗಿಲಲ್ಲಿ ತಡೆದು, ಬಲಗಾಲಿಟ್ಟು ಒಳಗೆ ಬಾ ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಅವನ ಮುಖ ಅರಳಿತು. ಮೈದಾನಕ್ಕೂ ಅವನು ಯಾವಾಗಲೂ ಬಲಗಾಲಿಟ್ಟೇ ಇಳಿಯುತ್ತಿದ್ದನಂತೆ. ಅವತ್ತಿನಿಂದ ಅವರಿಬ್ಬರೂ ಒಂದು ಪಕ್ಷ, ಏನನ್ನೂ ನಂಬದ ನಾನು ಇನ್ನೊಂದು.

ಸಂಜೆ ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಕೂತು ತನ್ನ ಕತೆ ಹೇಳುತ್ತಿದ್ದ. ಹುಡುಗನಾಗಿದ್ದಾಗಲೇ ದೊಡ್ಡ ಕ್ಲಬ್ಬೊಂದು ಅವನನ್ನು ಆರಿಸಿಕೊಂಡಿತ್ತು. ಹಿರಿಯರ ತಂಡದ ಬೆಂಚಿನಲ್ಲಿ ಮೊದಲ ಸಲ ಕೂತ ವಾರವೇ, ಅಭ್ಯಾಸದಲ್ಲಿ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಮರಳಿ ಬಂದ, ಮತ್ತೆ ಅದೇ ಹರಿಯಿತು. ಆಮೇಲೆ ಒಂದೊಂದೇ ದರ್ಜೆ ಕೆಳಗಿಳಿಯುತ್ತ, ದೇಶ ಬದಲಿಸುತ್ತ, ಕೊನೆಗೆ ನಮ್ಮ ಮನೆಯ ಮೇಲಕ್ಕೆ ಬಂದಿದ್ದ. ಈ ಸೀಸನ್ ಪೂರ್ತಿ ಆಡಿದರೆ ದೊಡ್ಡ ಲೀಗಿನ ತಂಡವೊಂದು ಅವನನ್ನು ತೆಗೆದುಕೊಳ್ಳುವ ಮಾತಿತ್ತು. ಇಲ್ಲದಿದ್ದರೆ ಊರಿಗೆ ಹೋಗಿ ಸೋದರಮಾವನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು. ಅದನ್ನು ಹೇಳುವಾಗ ನಗುತ್ತಿದ್ದ ಎಂದು ನನ್ನ ನೆನಪು. ಅಮ್ಮ ಇಲ್ಲ ಅನ್ನುತ್ತಾಳೆ.

ಮುಂಗಾರಿನಲ್ಲಿ ಎಡ ಮೊಣಕಾಲು ಊದಿಕೊಂಡಿತು. ಆಡುವುದನ್ನು ಅವನು ಬಿಡಲಿಲ್ಲ. ಅಭ್ಯಾಸ ಮುಗಿಸಿ ಬಂದು, ಬಲಗಾಲನ್ನು ಮೇಲಿನ ಮೆಟ್ಟಿಲಿಗಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹೇರಿ, ಎಡಗಾಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ. ಮತ್ತೆ ಬಲಗಾಲು. ಎರಡನೇ ಮಹಡಿಯ ಬಾಡಿಗೆದಾರ, ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವನು, ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ. "ಏನ್ ಗುರು, ಗೋಲ್ ಹೊಡೆಯೋಕೆ ಸ್ಪೇನಿಂದ ಬಂದೆ, ನಮ್ ಓನರ್ ಮೆಟ್ಲು ಹತ್ತಿಸ್ತಾವ್ನೆ." ಸ್ಪೇನಿನವನಿಗೆ ಅರ್ಥವಾಗುತ್ತಿರಲಿಲ್ಲ, ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ.

ಅಷ್ಟರಲ್ಲಿ ನೆಲಮಹಡಿಯಲ್ಲಿದ್ದ ಕೆಳಗಿನ ಮನೆ ಖಾಲಿಯಾಯಿತು. ಅವನನ್ನು ಅಲ್ಲಿಗೆ ಇಳಿಸೋಣ ಎಂದೆ. ಅಪ್ಪ ಒಪ್ಪಲಿಲ್ಲ.

"ಆಷಾಢದಾಗೆ ಮನೆ ಬದ್ಲಾಯ್ಸಿದ್ರೆ ಏಳ್ಗೆ ಆಗಲ್ಲ ಕಣೋ. ಮೊದ್ಲೇ ಕಾಲ್ ನೋವಿರೋ ಉಡುಗ. ಇನ್ನೊಂದು ಕೇಡು ಯಾಕ್ ಮೈಮ್ಯಾಲೆ ಎಳಕಂತಾನೆ? ಶ್ರಾವಣ ಬರ್ಲಿ, ಹಾಲುಕ್ಕಿಸಿ ನಾನೇ ಕೂರಿಸ್ತೀನಿ."

ಅಪ್ಪನಿಗೆ ಅವನ ಮೇಲಿದ್ದ ಪ್ರೀತಿ ಆ ಮಾತಿನಲ್ಲಿತ್ತು. ಆ ವಾರವೇ ಕೆಳಗಿನ ಮನೆಗೆ ಸುಣ್ಣಬಣ್ಣ ಮಾಡಿಸಿದ. ಆಷಾಢ ಅಂದರೆ ಏನೆಂದು ನಾನು ಸ್ಪೇನಿನವನಿಗೆ ವಿವರಿಸಿದೆ. ಅವನು ತಲೆಯಾಡಿಸಿ, ನಿಮ್ಮಪ್ಪ ಹೇಳಿದ್ದು ಸರಿ, ಅದೃಷ್ಟವನ್ನು ಕೆಣಕಬಾರದು ಎಂದ. ನಾನು ವಾದ ಮಾಡಿದೆ ಎಂದು ನನಗೆ ನೆನಪು. ಅಪ್ಪನ ನೆನಪಿನಲ್ಲಿ ನಾನು ಬಾಯೇ ಬಿಡಲಿಲ್ಲ.

ಭೀಮನ ಅಮಾವಾಸ್ಯೆಗೆ ಮುಂಚಿನ ಭಾನುವಾರ ಆ ಪಂದ್ಯ. ಮನೆಮಂದಿಯೆಲ್ಲ ಹೋಗಿದ್ದೆವು. ಅವನು ಚೆನ್ನಾಗಿಯೇ ಆಡುತ್ತಿದ್ದ. ಆಮೇಲೆ ನೆಲದ ಮೇಲಿದ್ದ, ಸುತ್ತ ಜನ ಸೇರಿದ್ದರು, ಸ್ಟ್ರೆಚರ್ ಬಂತು. ಎದುರಾಳಿ ಒದ್ದ ಎಂದು ಅಪ್ಪ, ದೃಷ್ಟಿಯಾಯಿತು ಎಂದು ಅಮ್ಮ.

ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ. ಕ್ಲಬ್ಬಿನವರು ಬಂದು ಸಾಮಾನು ಕಟ್ಟಿದರು. ಊರಿಗೆ ಹೊರಟ ದಿನ ಮಾತ್ರ ಅವನಿದ್ದ ಕಾರು ನಮ್ಮ ಗೇಟಿನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ; ಸೊಂಟದಿಂದ ಕೆಳಗೆ ಹೊದಿಕೆ. ಅಮ್ಮ ಗೇಟಿನಲ್ಲೇ ನಿಂತು ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ಕಿಟಕಿಯೊಳಗೆ ಕೈ ಹಾಕಿ ಅವನ ಕೈ ಹಿಡಿದುಕೊಂಡ.

"ಶ್ರಾವಣ ಬಂತು ಕಣಪ್ಪ," ಎಂದ. "ಕೆಳಗಿನ್ ಮನೆ ರೆಡಿ ಅದೆ."

ಅವನು ನನ್ನ ಕಡೆ ನೋಡಿದ. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅವನು "ಫಿನಿಶ್" ಎಂದದ್ದು ಮಾತ್ರ ಕೇಳಿಸಿತು. ತನ್ನ ಆಟದ ಬಗ್ಗೆ ಹೇಳಿದ್ದು.

ಅಪ್ಪ ಈಗ ಆಷಾಢದ ಸುದ್ದಿಯೆತ್ತುವುದಿಲ್ಲ. ಹೋದ ವರ್ಷ ಬಸುರಿ ಹೆಂಡತಿಯನ್ನು ಕರೆದುಕೊಂಡು ಬಾಡಿಗೆಗೆ ಕೇಳಲು ಬಂದವನೊಬ್ಬನಿಗೆ ಆ ತಿಂಗಳಲ್ಲೇ ಕೆಳಗಿನ ಮನೆಯ ಬೀಗದಕೈ ಕೊಟ್ಟ. ಆದರೆ ಟೀವಿಯಲ್ಲಿ ಫುಟ್‌ಬಾಲ್ ಬಂದಾಗಲೆಲ್ಲ ನನ್ನನ್ನು ಕೇಳುತ್ತಾನೆ: "ಮೆಟ್ಲಿಂದ ಆಗಿದ್ದಲ್ಲ ತಾನೆ?" ಎಡ ಮೊಣಕಾಲಿನ ಲಿಗಮೆಂಟ್ ಮೊದಲೇ ಎರಡು ಸಲ ಹರಿದಿತ್ತು, ಅದು ಎಲ್ಲಿದ್ದರೂ ಹೋಗುತ್ತಿತ್ತು ಎನ್ನುತ್ತೇನೆ. ಅಪ್ಪ ಟೀವಿಯ ಕಡೆ ತಿರುಗುತ್ತಾನೆ. ಆ ಉತ್ತರವನ್ನು ನಾನೂ ನಂಬಿದ್ದೆ.

ಈಚೆಗೆ ಆ ಪಂದ್ಯದ ವಿಡಿಯೊ ಸಿಕ್ಕಿತು. ಅಪ್ಪ ಮನೆಯಲ್ಲಿ ಇಲ್ಲದಾಗ ನೋಡಿದೆ. ಚಿತ್ರ ಎಡಬಲ ತಿರುಗಿರಬಹುದೆಂದು ಅನುಮಾನಪಟ್ಟು ಬೇಲಿಯ ಮೇಲಿನ ಬೋರ್ಡಿನ ಅಕ್ಷರಗಳನ್ನೂ ಓದಿ ನೋಡಿದೆ; ನೆಟ್ಟಗೇ ಇದ್ದವು. ಬಿದ್ದಾಗ ಹತ್ತಿರ ಯಾರೂ ಇರಲಿಲ್ಲ. ಅವನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡದ್ದು ಬಲ ಮೊಣಕಾಲನ್ನು.