ಓಡಿದ್ದು ಯಾರು, ಬಿದ್ದದ್ದು ಯಾರು

ಅವಳು ಓಡಲು ಶುರು ಮಾಡಿದ್ದು ಒಂದು ಬಸ್ಸು ತಪ್ಪಿದ್ದರಿಂದ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಕೆಲಸ ಅವಳದು. ಅವತ್ತು ಬೆಳಿಗ್ಗೆ ಕಣ್ಣೆದುರಿಗೇ ಬಸ್ಸು ಹೊರಟುಬಿಟ್ಟಿತು. ಮುಂದಿನ ನಿಲ್ದಾಣದಲ್ಲಿ ಹಿಡಿದರಾಯಿತೆಂದು ಕೈಚೀಲವನ್ನು ಎದೆಗವಚಿಕೊಂಡು ಓಡಿದಳು. ಅಲ್ಲಿಯೂ ಸಿಗಲಿಲ್ಲ, ಅದರ ಮುಂದಿನದಕ್ಕೆ ಓಡಿದಳು. ಕೊನೆಗೆ ನೋಡಿದರೆ ಬಸ್ಸು ಯಾವುದೋ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಹಿಂದೆ ಉಳಿದಿತ್ತು, ಅವಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮಾಲೀಕ ಅವಳ ಕೆಂಪಾದ ಮುಖ ನೋಡಿ, "ಯಾರಾದರೂ ಅಟ್ಟಿಸಿಕೊಂಡು ಬಂದರಾ?" ಎಂದ.

"ಇಲ್ಲ, ನಾನೇ ಬಸ್ಸನ್ನ ಅಟ್ಟಿಸಿಕೊಂಡು ಬಂದೆ," ಎಂದಳು.

ನಲವತ್ತು ದಾಟಿದ ಹೆಂಗಸು. ಇಡೀ ದಿನ ಆವಿ ಕಾರುವ ಇಸ್ತ್ರಿ ಯಂತ್ರದ ಮುಂದೆ ನಿಂತು ಸಂಜೆ ಮನೆಗೆ ಬರುವಷ್ಟರಲ್ಲಿ ಕಾಲು ಕೊರಡಾಗಿರುತ್ತಿತ್ತು. ಆದರೆ ಓಡಿ ಬಂದ ದಿನ ಅದೇ ಕಾಲು ಹಗುರವಾಗಿತ್ತು. ಇದು ಹೇಗೆ ಅಂತ ಅವಳಿಗೆ ತಿಳಿಯಲಿಲ್ಲ. ಮರುದಿನ ಬಸ್ಸಿಗೆ ಕಾಯಲೇ ಇಲ್ಲ. ಆಮೇಲೆ ಕೆಲಸಕ್ಕೆ ಹೋಗುವ ಮುಂಚೆ, ಬೀದಿಯಲ್ಲಿ ಇನ್ನೂ ಹಾಲಿನ ಗಾಡಿ ಬಿಟ್ಟರೆ ಬೇರೇನೂ ಓಡಾಡದ ಹೊತ್ತಿನಲ್ಲಿ ಓಡುವುದು ಅಭ್ಯಾಸವಾಯಿತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಏನೇನು ಕೆಡಬಹುದು ಎಂದು ಯೋಚಿಸುವುದೇ ಅವನ ಹೊಟ್ಟೆಪಾಡು, ಹಾಗಾಗಿ ಹೆಂಡತಿಯ ಓಟದಲ್ಲೂ ಅವನಿಗೆ ಕೆಡಬಹುದಾದ್ದೇ ಮೊದಲು ಕಾಣುತ್ತಿತ್ತು. ಕತ್ತಲು, ನಾಯಿಗಳು, ನಿದ್ದೆಗಣ್ಣಿನ ಲಾರಿ ಡ್ರೈವರು, ಮುಚ್ಚಳವಿಲ್ಲದ ಚರಂಡಿ. ಬೇಡ ಅಂತ ಒಂದು ದಿನವೂ ಅನ್ನಲಿಲ್ಲ. ಮೊದಲು ಕೆಲವು ದಿನ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಬಂದ. ಏರಿನಲ್ಲಿ ಅವನಿಗೇ ಏದುಸಿರು ಬಂದು ಅವಳು ನಿಂತು ಕಾಯಬೇಕಾಗುತ್ತಿತ್ತು. ಸೈಕಲ್ಲು ಬಿಟ್ಟು, ಕತ್ತಲಲ್ಲಿ ಹೊಳೆಯುವ ತನ್ನ ಕಂಪನಿಯ ಅಂಗಿ ಕೊಟ್ಟ. ಅದರ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ "ಲಿಫ್ಟ್ ದುರಸ್ತಿ" ಎಂದಿತ್ತು. ಒಂದು ಬೆಳಿಗ್ಗೆ ಯಾರೋ ಮಹಡಿಯಿಂದ ಅವಳನ್ನು ಕೂಗಿ ನಿಲ್ಲಿಸಿ, ನಮ್ಮದು ನಿನ್ನೆಯಿಂದ ನಾಲ್ಕನೇ ಮಹಡಿಯಲ್ಲೇ ನಿಂತಿದೆ, ಈಗ ಬಂದಿರಲ್ಲ, ಬನ್ನಿ ಎಂದರು.

ಅತ್ತೆ ಮಾತ್ರ ಸೊಸೆಯ ಪಕ್ಷ. "ನಾನೇನು ಅಡುಗೆಮನೆಯಲ್ಲಿ ಕೂತೇ ಮಂಡಿ ಸವೆಸಿಕೊಳ್ಳಲಿಲ್ವಾ? ಸವೆಯೋ ಮಂಡಿ ಎಲ್ಲಿದ್ದರೂ ಸವೆಯುತ್ತೆ, ಅವಳು ಓಡಲಿ ಬಿಡು," ಅನ್ನುತ್ತಿದ್ದರು. ಹಾಗೆಂದವರೇ ಸೊಸೆ ಹಿಂತಿರುಗುವವರೆಗೆ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ.

ಓಡುತ್ತಾ ಓಡುತ್ತಾ ಅವಳಿಗೆ ಜೊತೆಯೊಂದು ಸಿಕ್ಕಿತು, ಪಕ್ಕದ ಬೀದಿಯಲ್ಲಿ ಒಬ್ಬಳೇ ಇದ್ದ, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಟೀಚರ್. ಇಬ್ಬರದೂ ಒಂದೇ ವಯಸ್ಸು, ಒಂದೇ ವೇಗ. ಟೀಚರ್ ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ಓಡುವಾಗ ಉಸಿರು ಸಾಲದೆ ಬಾಯಿ ಮುಚ್ಚುತ್ತಿದ್ದಳಾದ್ದರಿಂದ ಸ್ನೇಹ ಉಳಿಯಿತು.

ಊರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಓಟದ ಸ್ಪರ್ಧೆ. ಮೊದಲ ಸಲ ಇಬ್ಬರೂ ಹೋಗಿದ್ದರು. ರೈಲು ಹಳಿಯ ಕೆಳಗೆ ಹಾದುಹೋಗುವ ಇಕ್ಕಟ್ಟಾದ ದಾರಿಯಲ್ಲಿ ಜನ ಒತ್ತೊತ್ತಾಗಿ ನಿಂತುಬಿಟ್ಟರು. ಹಿಂದಿನವರಿಗೆ ಮುಂದೆ ನಿಂತಿದ್ದು ಗೊತ್ತಿಲ್ಲ, ತಳ್ಳುತ್ತಲೇ ಇದ್ದರು. ಅವಳ ಕಾಲು ನೆಲ ಬಿಟ್ಟಿತ್ತು, ಆದರೂ ಅವಳು ಮುಂದೆ ಹೋಗುತ್ತಿದ್ದಳು. ಆಚೆ ಬೆಳಕಿಗೆ ಬಂದಾಗ ಒಂದು ಶೂ ಇರಲಿಲ್ಲ. ಅದನ್ನು ಮನೆಯಲ್ಲಿ ನಗುತ್ತಾ ಹೇಳಿದಳು, ಆದರೆ ಗಂಡ ನಗಲಿಲ್ಲ.

"ಎಂಟು ಜನ ಅಂತ ಬರೆದಿರೋ ಲಿಫ್ಟಿಗೆ ಹದಿನೈದು ಜನ ಹತ್ತಿದರೆ ನಾನು ಬಾಗಿಲಲ್ಲೇ ಇಳಿಸ್ತೀನಿ," ಎಂದ. "ರಸ್ತೆಗೆ ಇಷ್ಟೇ ಜನ ಅಂತ ಯಾರು ಬರೀತಾರೆ?"

ಮರುವರ್ಷ ಮತ್ತೆ ಹೆಸರು ಕೊಟ್ಟಳು. ಟೀಚರ್ ಕೊಡುವಷ್ಟರಲ್ಲಿ ಜಾಗ ತುಂಬಿಹೋಗಿತ್ತು. ಸ್ಪರ್ಧೆ ಹತ್ತಿರ ಬರುತ್ತಿದ್ದಂತೆ ಬೇರೆ ಯಾವುದೋ ಊರಿನ ಓಟದಲ್ಲಿ ನೂಕುನುಗ್ಗಲಾಗಿ ಹಲವರು ಆಸ್ಪತ್ರೆ ಸೇರಿದ್ದನ್ನು ಟೀವಿಯಲ್ಲಿ ತೋರಿಸಿದರು. ಗಂಡ ಊಟ ನಿಲ್ಲಿಸಿ ನೋಡಿದ. ಅತ್ತೆಯೂ ನೋಡಿದರು. "ನೀನೇ ಯೋಚನೆ ಮಾಡು," ಎಂದಷ್ಟೇ ಹೇಳಿ ಗಂಡ ತಟ್ಟೆ ತೊಳೆಯಲು ಎದ್ದ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಯೋಚನೆ ಮಾಡು ಅಂದರೆ ಯಾರ ಜೊತೆ ಜಗಳವಾಡುವುದು? ಹೋದರೆ ಮನೆಯವರ ಜೀವ ಬಾಯಿಗೆ ಬರುತ್ತೆ. ಹೋಗದಿದ್ದರೆ ತನಗೆ ತಾನೇ ಏನೋ ಮೋಸ ಮಾಡಿಕೊಂಡ ಹಾಗೆ. ಹಿಂದಿನ ದಿನ ಸಂಜೆಯವರೆಗೂ ಅತ್ತಲಾಗಿ ಇತ್ತಲಾಗಿ ತೂಗಾಡಿ, "ನಾನು ಹೋಗಲ್ಲ," ಎಂದಳು. ಗಂಡ ತಲೆಯಾಡಿಸಿದ. ಅವನ ಮುಖದಲ್ಲಿ ನೆಮ್ಮದಿ ಕಂಡು ಅವಳಿಗೆ ಸಮಾಧಾನವಾಯಿತು. ಮರುಗಳಿಗೆಯೇ ಮೈಯೆಲ್ಲ ಉರಿಯಿತು.

ನಂಬರಿನ ಚೀಟಿಯನ್ನು ಟೀಚರಿಗೆ ಕೊಟ್ಟಳು. ಸುಮ್ಮನೆ ಯಾಕೆ ಹಾಳಾಗಬೇಕು? ಎದೆಗೆ ಚುಚ್ಚಿಕೊಳ್ಳುವ ಆ ಚೀಟಿಯ ಮುಂದೆ ಅವಳ ಹೆಸರು ಅಚ್ಚಾಗಿತ್ತು. ಹಿಂದೆ ಗಂಡನ ಫೋನ್ ನಂಬರು, ಅವಳಿಗೆ ಯಾವ ಔಷಧಿಯಿಂದಲೂ ತೊಂದರೆ ಇಲ್ಲ ಎಂಬ ಮಾಹಿತಿ. ಅಂಗಡಿಯಲ್ಲಿ ಪ್ರತಿ ಕೋಟಿನ ಒಳ ಅಂಚಿಗೆ ನಂಬರಿನ ಪಟ್ಟಿ ಚುಚ್ಚುವವಳು ಅವಳೇ. ಒಬ್ಬರ ಬಟ್ಟೆ ಇನ್ನೊಬ್ಬರ ಮೈಮೇಲೆ ಹೋದದ್ದು ಅವಳ ಕಾಲದಲ್ಲಿ ಇಲ್ಲ. ಅಂಥವಳಿಗೆ ಆ ಹೊತ್ತಿನಲ್ಲಿ ಚೀಟಿಯ ಬೆನ್ನು ತಿರುಗಿಸಿ ನೋಡಬೇಕು ಅಂತ ಹೊಳೆಯಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಚಹಾ ಕುಡಿಯುತ್ತಿದ್ದರು. ಗಂಡನ ಫೋನ್ ರಿಂಗಾಯಿತು. ಅವನು ಕಿವಿಗೆ ಹಿಡಿದ, ಹೂಂ ಎಂದ, ಆಮೇಲೆ ಹೆಂಡತಿಯ ಮುಖವನ್ನು ನೋಡುತ್ತಾ ಕೂತ. ಆಚೆಯ ಧ್ವನಿ ಮೇಜಿನ ತನಕ ಕೇಳುತ್ತಿತ್ತು. ನಿಮ್ಮ ಮನೆಯವರು ಬಿದ್ದಿದ್ದಾರೆ, ಕೈಗೆ ಪೆಟ್ಟಾಗಿದೆ, ತಲೆಗೂ ಆಗಿರಬಹುದು, ಹೆಸರು ಹಿಡಿದು ಕರೆದರೆ "ಅದು ನಾನಲ್ಲ" ಅಂತಿದ್ದಾರೆ, ಬೇಗ ಬನ್ನಿ.

ಅವನು ಫೋನ್ ಇಟ್ಟು ಎದ್ದು ಚಪ್ಪಲಿ ಹುಡುಕತೊಡಗಿದ.

"ನಾನು ಇಲ್ಲೇ ಇದ್ದೀನಲ್ಲ," ಎಂದಳು ಅವಳು.

"ಗೊತ್ತು," ಎಂದ. ಆದರೂ ಚಪ್ಪಲಿ ಹುಡುಕುವುದು ನಿಲ್ಲಿಸಲಿಲ್ಲ. "ಗೊತ್ತು, ಆದರೆ ನೀನು ಬಿದ್ದಿದೀಯ ಅಂತಾರೆ."

ಅತ್ತೆ ಸೊಸೆಯ ಮಣಿಕಟ್ಟು ಹಿಡಿದು ನೋಡಿದರು. ಅದು ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಅವಳು ಆಗ ಚೀಟಿಯ ವಿಷಯ ಬಾಯಿ ಬಿಟ್ಟಳು. ಗಂಡನಿಗೆ ಸಿಟ್ಟು ಬರಬೇಕಿತ್ತು, ಅವನಿಗೂ ಅದು ಗೊತ್ತಿತ್ತು, ಆದರೆ ಯಾವ ಕಡೆಯಿಂದ ಸಿಟ್ಟಾಗಬೇಕೆಂದು ತೋಚದೆ ನಿಂತ. "ಮೊದಲು ನಡಿ," ಎಂದ.

ಓಟಕ್ಕಾಗಿ ರಸ್ತೆಗಳನ್ನೆಲ್ಲ ಮುಚ್ಚಿದ್ದರು. ಬಸ್ಸಿಲ್ಲ, ಟ್ಯಾಕ್ಸಿಯವನು ಮೂಲೆಯಲ್ಲೇ ಇಳಿಸಿಬಿಟ್ಟ. ಪ್ರಥಮ ಚಿಕಿತ್ಸೆಯ ಡೇರೆ ರೈಲು ಹಳಿಯ ಆಚೆ. ಅಲ್ಲಿಗೆ ತಲುಪಲು ಓಟದ ಜನರ ನಡುವೆ ನುಗ್ಗದೆ ದಾರಿಯೇ ಇರಲಿಲ್ಲ. "ನೀನು ಮುಂದೆ ಹೋಗು, ನನ್ನ ಕೈಲಾಗಲ್ಲ," ಎಂದ ಗಂಡ, ಓಟದ ದಾರಿಗೆ ಹಾಕಿದ್ದ ಬೇಲಿಗೆ ಒರಗಿ. ಹೋಗು ಅಂತ ಅವನ ಬಾಯಲ್ಲಿ ಬಂದದ್ದೇ ಸಾಕು, ಅವಳು ಮನೆ ಚಪ್ಪಲಿಯಲ್ಲೇ ಜನರ ನಡುವೆ ಇಳಿದಳು. ಟೀಚರಿಗೆ ಏನಾಗಿದೆಯೋ ಎಂಬ ಗಾಬರಿ. ಅದೇ ಹೊತ್ತಿಗೆ ಕಾಲುಗಳು ತಮ್ಮ ಪಾಡಿಗೆ ಖುಷಿಯಾಗಿದ್ದವು. ಇದೆಂಥ ಕಾಲು ಎಂದು ಅವಳಿಗೆ ನಾಚಿಕೆಯಾಯಿತು.

ಅಂಗಿಗೆ ಚೀಟಿ ಇಲ್ಲದ್ದನ್ನು ಕಂಡು ಸೀಟಿ ಹಿಡಿದ ಸ್ವಯಂಸೇವಕನೊಬ್ಬ ಅಡ್ಡ ಬಂದ. "ನಂಬರು ಇಲ್ಲದವರು ಹೊರಗೆ ಬನ್ನಿ."

"ನನ್ನ ನಂಬರು ಡೇರೆಯಲ್ಲಿ ಮಲಗಿದೆ," ಎಂದು ಹೇಳಿ ಅವಳು ಮುಂದೆ ಹೋದಳು. ಅವನು ಕಣ್ಣು ಕಣ್ಣು ಬಿಟ್ಟ.

ಹಳಿಯ ಕೆಳಗಿನ ದಾರಿಯಲ್ಲಿ ಹೋದ ವರ್ಷದ ಹಾಗೇ ಜನ ಕಟ್ಟಿಕೊಂಡಿದ್ದರು. ಬೆವರು, ಮೊಣಕೈ, ಬೆನ್ನು. ಉಸಿರು ಕಟ್ಟಿದಂತಾಯಿತು. ಆಗ ಪಕ್ಕದ ದಪ್ಪನೆಯ ಮನುಷ್ಯನೊಬ್ಬ ಅವಳ ತೋಳು ಹಿಡಿದು, "ಗೋಡೆ ಕಡೆ ಬನ್ನಿ, ಅಲ್ಲಿ ಗಾಳಿ ಇದೆ," ಎಂದು ಸರಿಸಿದ. ಅವನ ಹಿಂದಿದ್ದವನೊಬ್ಬ ಅವಳ ಹಿಮ್ಮಡಿ ತುಳಿದ. ಹೀಗೆ ಒಬ್ಬ ತುಳಿದು ಒಬ್ಬ ಹಿಡಿದು, ಆಚೆ ಬಂದಳು. ಜನ ಒಳ್ಳೆಯವರೋ ಕೆಟ್ಟವರೋ ಲೆಕ್ಕ ಹಾಕಲು ಅವಳಿಗೆ ಪುರುಸೊತ್ತಿರಲಿಲ್ಲ.

ಡೇರೆಯಲ್ಲಿ ಟೀಚರ್ ಮಂಚದ ಮೇಲೆ ಕೂತಿದ್ದಳು. ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ನರ್ಸು ಅವಳನ್ನು ಮಲಗಿಸಲು ಪರದಾಡುತ್ತಿದ್ದಳು. ನಡೆದದ್ದಿಷ್ಟು. ಬೇರೆಯವರ ಚೀಟಿ ಹಾಕಿಕೊಂಡದ್ದಕ್ಕೆ ಬೈಸಿಕೊಳ್ಳಬೇಕಾದೀತೆಂದು ಟೀಚರ್ ಮೊದಲು ಚೀಟಿಯ ಮೇಲಿನ ಹೆಸರಿಗೇ ಹೂಂಗುಟ್ಟಿದ್ದಳು. ನೋವಿನ ಇಂಜೆಕ್ಷನ್ ತಂದಾಗ ಜೀವ ಹಾರಿತು, ಆ ಔಷಧಿ ಅವಳ ಮೈಗೆ ಆಗುತ್ತಿರಲಿಲ್ಲ. "ನನಗೆ ಅದು ಬೇಡ, ನಾನು ಅವಳಲ್ಲ," ಎಂದು ಕೈ ಎಳೆದುಕೊಂಡಳು. ಆಗ ಎಲ್ಲರೂ ತಲೆಗೇ ಪೆಟ್ಟಾಗಿದೆ ಎಂದು ತೀರ್ಮಾನಿಸಿದರು. ಅವಳು ಹೇಳಿದಷ್ಟೂ ಪೆಟ್ಟು ಜೋರಾಗಿದೆ ಅಂತ ಅವರಿಗೆ ಖಾತ್ರಿಯಾಗುತ್ತಾ ಹೋಯಿತು.

"ಅವರು ಹೇಳೋದು ನಿಜ," ಎಂದಳು ಇವಳು ಬಾಗಿಲಲ್ಲಿ ನಿಂತು. "ಅವಳು ನಾನು."

ನರ್ಸು ಇಬ್ಬರನ್ನೂ ನೋಡಿ ಡಾಕ್ಟರನ್ನು ಕರೆದಳು. ಡಾಕ್ಟರು ಚೀಟಿಯನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು. "ಇವರಿಗೆ ಪ್ರಜ್ಞೆ ತಪ್ಪಿದ್ದರೆ ನಾನು ಇದನ್ನೇ ನಂಬಿ ಚುಚ್ಚಿಸ್ತಿದ್ದೆ," ಎಂದು ಮೆಲ್ಲಗೆ ಹೇಳಿದರು. ಧ್ವನಿ ಏರಿಸಲಿಲ್ಲ. ಇವಳು ಮಂಚದ ಅಂಚಿನಲ್ಲಿ ಟೀಚರ್ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಗಂಡ ಬೆವರಿನಲ್ಲಿ ಮಿಂದು ಬಂದ. ಅವಳನ್ನು ಕಂಡವನೇ ಎರಡೂ ಕೈಯಲ್ಲಿ ಅವಳ ಭುಜ ಹಿಡಿದ. ಅರ್ಧ ಗಂಟೆಯ ಕೆಳಗೆ ಅಡುಗೆಮನೆಯಲ್ಲಿ ಜೊತೆಗಿದ್ದವಳನ್ನು ಎಲ್ಲೋ ಕಳೆದುಕೊಂಡು ಈಗ ಸಿಕ್ಕಿದ ಹಾಗೆ.

ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಟೀಚರನ್ನು ಒಂಟಿ ಮನೆಗೆ ಕಳಿಸುವ ಮಾತೇ ಬರಲಿಲ್ಲ, ಗಂಡನೇ ಹೋಗಿ ಅವಳ ಬಟ್ಟೆಬರೆ ತಂದ. ಅತ್ತೆ ಅವಳ ತಲೆ ಬಾಚಿ ಜಡೆ ಹಾಕಿದರು. ಮೂರನೆಯ ದಿನದ ಹೊತ್ತಿಗೆ ಟೀಚರ್ ಮಾತು ಶುರು ಮಾಡಿದಳು. ಈಗ ಅವಳು ಓಡುತ್ತಿರಲಿಲ್ಲ, ಉಸಿರಿಗೆ ಬರವಿರಲಿಲ್ಲ. ಬಿದ್ದದ್ದು ಹೇಗೆಂದು ಆಗಲೇ ಹೇಳಿದ್ದು. ನೂಕಾಟ ಇತ್ತು, ನಿಜ. ಆದರೆ ಯಾರೋ ಚೀಟಿಯ ಮೇಲಿದ್ದ ಹೆಸರು ಹಿಡಿದು ಕೂಗಿದರಂತೆ. ಗುರುತಿನವರಿರಬೇಕು, ಚೀಟಿಯ ಗುಟ್ಟು ಬಯಲಾಯಿತು ಎಂದು ಹೆದರಿ ತಿರುಗಿದಳು. ಅಷ್ಟರಲ್ಲಿ ಹಿಂದಿನವರು ಮೈಮೇಲೆ ಬಂದರು.

"ನೋಡು, ನೀನಾಗಿದ್ದರೂ ತಿರುಗ್ತಿದ್ದೆ," ಎಂದ ಗಂಡ. "ನಿನ್ನ ಹೆಸರಲ್ವಾ?"

"ಇವಳು ಯಾಕೆ ತಿರುಗ್ತಾಳೆ?" ಎಂದರು ಅತ್ತೆ. "ಮನೆಯಲ್ಲಿ ನಾನು ಹತ್ತು ಸಲ ಕೂಗಿದರೂ ತಿರುಗಲ್ಲ."

ಇಬ್ಬರಿಗೂ ಅನುಮಾನವೇ ಇರಲಿಲ್ಲ. ಅವಳಿಗೆ ಮಾತ್ರ ಬಗೆಹರಿಯಲಿಲ್ಲ. ಇಸ್ತ್ರಿ ಹಾಕುವಾಗಲೂ ಅದೇ ತಲೆಯಲ್ಲಿ. ತಾನು ಹೋಗಿದ್ದರೆ ಟೀಚರ್ ಬೀಳುತ್ತಿರಲಿಲ್ಲ. ತಾನೇ ಬೀಳುತ್ತಿದ್ದೆನೋ, ಯಾರೂ ಬೀಳುತ್ತಿರಲಿಲ್ಲವೋ. ಮನೆಯವರ ಮಾತು ಕೇಳಿ ಉಳಿದದ್ದು ಒಳ್ಳೆಯದಾಯಿತೇ? ಉಳಿದದ್ದರಿಂದಲೇ ಇನ್ನೊಬ್ಬರ ಕೈ ಮುರಿಯಿತೇ?

ಹೀಗಿರುವಾಗ ಕೋಟು ಒಯ್ಯಲು ಬಂದ ಹಳೆಯ ಗಿರಾಕಿಯೊಬ್ಬರು, "ಓಟದ ದಿನ ರೈಲು ಹಳಿಯ ಹತ್ತಿರ ನಿಮ್ಮನ್ನ ಕೂಗಿದೆ. ತಿರುಗಿಯೂ ನೋಡಲಿಲ್ಲ ನೀವು," ಎಂದರು.

ಅವಳು ಕೋಟು ಮಡಿಸುವುದು ನಿಲ್ಲಿಸಿದಳು. "ಕೂಗಿದ್ದು ನನ್ನನ್ನೇನಾ?"

"ಮತ್ತೆ? ಮನೆ ಚಪ್ಪಲಿ ಹಾಕಿಕೊಂಡು ಓಡ್ತಿದ್ದವರು ಇನ್ಯಾರಿದ್ದರು?"

ಅಂದರೆ ಟೀಚರನ್ನು ಕೂಗಿದವರು ಇವರಲ್ಲ. ಆದರೆ ತನ್ನ ಹೆಸರು ಕೂಗಿದರೂ ತಾನು ತಿರುಗಲಿಲ್ಲ ಎಂದಾಯಿತು. ಸಂಜೆ ಗಂಡನಿಗೆ ಹೇಳಿದಳು. ಅವನು ಯೋಚಿಸಿ, "ಅವತ್ತು ನಿನಗೆ ಗಾಬರಿ. ಸುಮ್ಮನೆ ಓಡೋವಾಗ ಕೂಗಿದ್ದರೆ ತಿರುಗ್ತಿದ್ದೆಯೇನೋ," ಎಂದ. ಅದೂ ನಿಜವೆನಿಸಿತು.

ಅವಳೇ ಹೋಗಿ ಸ್ಪರ್ಧೆ ನಡೆಸುವವರ ಮುಂದೆ ಚೀಟಿಯ ತಪ್ಪು ಒಪ್ಪಿಕೊಂಡಳು. ಬರುವ ವರ್ಷ ಇಬ್ಬರಿಗೂ ಪ್ರವೇಶವಿಲ್ಲ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ, ಒಂದು ವರ್ಷ ಯೋಚಿಸುವ ತಾಪತ್ರಯ ತಪ್ಪಿತು ಎಂದು ಹಗುರವಾಯಿತು. ಬಸ್ಸು ಹತ್ತುವಷ್ಟರಲ್ಲಿ ಕಣ್ಣಲ್ಲಿ ನೀರಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಟೀಚರ್ ತನ್ನ ಮನೆಗೆ ಮರಳಿದಳು. ಬೆಳಗಿನ ಓಟ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ಮರುವರ್ಷದ ಸ್ಪರ್ಧೆ ಇವರಿಲ್ಲದೆ ನಡೆದುಹೋಯಿತು. ಗಂಡನೂ ಅವಳೂ ಅತ್ತೆಯ ಜೊತೆ ಕಿಟಕಿಯಲ್ಲಿ ನಿಂತು, ದೂರದ ಮುಖ್ಯರಸ್ತೆಯಲ್ಲಿ ಹರಿದು ಹೋಗುತ್ತಿದ್ದ ಬಣ್ಣಬಣ್ಣದ ಜನರನ್ನು ನೋಡಿದರು. ಅಷ್ಟು ದೂರದಿಂದ ಯಾರೂ ಯಾರನ್ನೂ ತಳ್ಳುತ್ತಿರುವಂತೆ ಕಾಣಲಿಲ್ಲ.

"ಮುಂದಿನ ವರ್ಷ ಹೆಸರು ಕೊಡ್ತೀಯಾ?" ಎಂದ ಗಂಡ.

"ಗೊತ್ತಿಲ್ಲ. ನೀವೇನಂತೀರಿ?"

"ಹೋಗಬೇಡ ಅನ್ನೋಣ ಅನಿಸುತ್ತೆ. ಅವತ್ತು ಬೇಲಿ ಹತ್ತಿರ ನಿಂತು ನೀನು ಓಡೋದನ್ನ ನೋಡಿದೆ. ಹೋಗು ಅನ್ನೋಣ ಅಂತಲೂ ಅನಿಸುತ್ತೆ. ನನಗೂ ಗೊತ್ತಿಲ್ಲ ಕಣೆ."

ಇಷ್ಟು ವರ್ಷದಲ್ಲಿ ಅವನು ಗೊತ್ತಿಲ್ಲ ಅಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅದರಿಂದ ಧೈರ್ಯ ಬಂತೋ ಇದ್ದ ಧೈರ್ಯವೂ ಹೋಯಿತೋ ಹೇಳಲಾರಳು.

"ಕೊಡೋದಾದರೆ ಅವಳದು ಅವಳು ಕೊಡಲಿ, ಟೀಚರದು ಟೀಚರ್ ಕೊಡಲಿ," ಎಂದರು ಅತ್ತೆ, ಕಿಟಕಿಯಿಂದ ಕಣ್ಣು ತೆಗೆಯದೆ.

ಹೆಸರು ಕೊಡುವ ದಿನಗಳು ಈಗ ಹತ್ತಿರ ಬಂದಿವೆ. ಟೀಚರ್ ತನ್ನದು ಕೊಟ್ಟಾಗಿದೆ. ಇವಳು ದಿನವೂ ಬೆಳಿಗ್ಗೆ ಅವಳ ಪಕ್ಕದಲ್ಲಿ ಓಡುತ್ತಾಳೆ. ಇವತ್ತು ತೀರ್ಮಾನ ಮಾಡುತ್ತೇನೆ ಅಂದುಕೊಂಡು ಹೊರಡುತ್ತಾಳೆ, ಬೆವರೊರೆಸಿಕೊಂಡು ಹಿಂತಿರುಗುತ್ತಾಳೆ, ಏನೂ ಹೇಳದೆ ಅಂಗಡಿಗೆ ಹೊರಡುತ್ತಾಳೆ. ಗಂಡ ಕೇಳುವುದಿಲ್ಲ.