ಹಲಸಿನ ಬೀಜದಲ್ಲಿ ಪಳಗಿದ ಕೈ

ನಾನು ಚಿಕ್ಕವಳಿದ್ದಾಗ ಒಂದು ಶನಿವಾರ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು ಮಕ್ಕಳೇ: ಅಂಗಳ ಗುಡಿಸಿದ್ದು, ಸಣ್ಣ ಕೊಡದಲ್ಲಿ ನಾಲ್ಕು ಸಲ ನೀರು ತಂದದ್ದು, ಕೋಳಿಗೂಡು ತೆರೆದದ್ದು, ಬೇಯಿಸಿದ ಹಲಸಿನ ಬೀಜವನ್ನು ಅಕ್ಕನ ಮುಂದೆ ಸುರಿದದ್ದು.

ಅಕ್ಕನಿಗೆ ಆಗ ಹದಿನೆಂಟು. ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ಸೇರಿ ಎರಡು ವಾರ ಆಗಿತ್ತು. ಬೀಜದ ಮೇಲಿನ ಕೆಂಪು ಸಿಪ್ಪೆ ತೆಗೆಯುವ ಕೆಲಸ. ಕಲಿಯುವವರಿಗೆ ಅರ್ಧ ಸಂಬಳ. ಒಡೆಯದೆ ಸುಲಿಯಲು ಬಂದರೆ ಮಾತ್ರ ಪೂರ್ತಿ. ಅದರ ಪರೀಕ್ಷೆ ಆ ದಿನವೇ ಇತ್ತು. ಮೊದಲು ಅಕ್ಕ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಬೀಡಿಗೆ ಬೇಕಾದದ್ದು ಅವಸರದ, ಬಿಗಿಯಾದ ಕೈ. ಅದೇ ಕೈ ಗೇರುಬೀಜ ಹಿಡಿದರೆ ಬೀಜ ಎರಡು ಹೋಳು.

ಅಪ್ಪನಿಗೆ ಇದು ಹಿಡಿಸಿರಲಿಲ್ಲ. ಬೀಡಿಯಲ್ಲಿ ಈ ಅರ್ಧ ಸಂಬಳಕ್ಕಿಂತ ಹೆಚ್ಚು ಸಿಗುತ್ತಿತ್ತು, ಬಸ್ಸಿನ ಖರ್ಚೂ ಇರಲಿಲ್ಲ. "ಇವತ್ತು ಆಗದಿದ್ದರೆ ಸೋಮವಾರದಿಂದ ಬೀಡಿಗೆ ಕೂತುಕೋ. ಅರ್ಧ ಸಂಬಳಕ್ಕೆ ಎಷ್ಟು ದಿನ ಕಲಿಯುವುದುಂಟು?" ಎಂದರು.

ಅಕ್ಕ ಇನ್ನೊಂದು ಬೀಜ ಕೈಗೆತ್ತಿಕೊಂಡಳು. ಕಾರ್ಖಾನೆಯಲ್ಲಿ ಕಲಿಸುತ್ತಿದ್ದ ಹಿರಿಯ ಹೆಂಗಸು, ಕೊಂಕಣಿ ಮಾತಿನ ಬಾಯಮ್ಮ, ಹೇಳಿದ್ದನ್ನೇ ನನಗೆ ಹೇಳಿದಳು: "ಚೂರಿ ಸುಮ್ಮನಿರಬೇಕು ಮಾರಾಯ್ತಿ, ಬೀಜ ತಿರುಗಬೇಕು." ದಿನವೂ ಬಸ್ಸು ಬರುವವರೆಗೆ ಅಕ್ಕ, ಗೇರುಬೀಜದಂತೆಯೇ ತೆಳು ಸಿಪ್ಪೆಯಿರುವ ಹಲಸಿನ ಬೀಜ ಸುಲಿಯುತ್ತಾ ಕೈಯ ಅವಸರ ಇಳಿಸುತ್ತಿದ್ದಳು. ಒಡೆದದ್ದೂ ಒಡೆಯದ್ದೂ ರಾತ್ರಿ ನಮ್ಮ ಬಟ್ಟಲಿಗೆ. ನನಗಂತೂ ಅದರ ವಾಸನೆಯೇ ಸಾಕಾಗಿತ್ತು.

ಸಂಜೆ ಬಸ್ಸು ನಿಲ್ಲುವಲ್ಲಿ ಕಾದೆ. ಅಕ್ಕ ಇಳಿದಳು, ಸೀರೆಯಲ್ಲಿ ಗೇರುಬೀಜದ ಘಮ, ಬೆರಳ ತುದಿಗಳು ಕಂದು. ಸರಸರನೆ ಮನೆಗೆ ನಡೆದಳು. ಹೊಸ್ತಿಲಲ್ಲಿ ನಿಂತು, "ಸೋಮವಾರದಿಂದ ಪೂರ್ತಿ ಸಂಬಳ ಅಪ್ಪ. ಇವತ್ತು ಬಾಯಮ್ಮನಿಗೆ ನನ್ನನ್ನು ಬೈಯಲಿಕ್ಕೆ ಎಂತದೂ ಸಿಗಲಿಲ್ಲ" ಎಂದಳು.

ಅಪ್ಪ ಎದ್ದು ಹೋಗಿ, ಅಕ್ಕ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಬಿದಿರಿನ ಗೆರಸೆಯಿಂದ ಒಣಗಿದ ಎಲೆಚೂರು ಕೊಡವಿ, ಅದನ್ನು ಅಟ್ಟಕ್ಕೆ ಏರಿಸಿದರು.

ಈಗ ನಿಮ್ಮ ಅಣ್ಣ ಮಣಿಪಾಲಕ್ಕೆ ತರಬೇತಿಗೆ ಹೋಗುತ್ತಾನೆ. ತಂಪು ಕೋಣೆ, ಪಾಠವೆಲ್ಲ ಮೊಬೈಲಿನಲ್ಲಿ. ಆದರೂ "ಟ್ರೈನಿಂಗ್ ಮುಗಿಯುವವರೆಗೆ ಅರ್ಧ ಸಂಬಳ ಅಜ್ಜಿ" ಎಂದು ಮುಖ ಊದಿಸಿಕೊಂಡು ಬರುತ್ತಾನೆ. ನೀವು ಅವನನ್ನು ನೋಡಿ ನಗಬೇಡಿ. ಅರ್ಧ ಸಂಬಳದ ದಿನಗಳು ಎಷ್ಟು ಉದ್ದ ಎಂದು ನಾನು ನೋಡಿದ್ದೇನೆ.

ಆ ಶನಿವಾರ ರಾತ್ರಿ ನಾವು ಉಂಡದ್ದು ಕುಚ್ಚಲಕ್ಕಿ ಗಂಜಿ, ಮತ್ತದೇ ಹಲಸಿನ ಬೀಜದ ಪಲ್ಯ. ಅಪ್ಪ ಎರಡು ಸಲ ಬಡಿಸಿಕೊಂಡರು. ಮೊದಲು ನಿದ್ದೆ ಹೋದವಳು ಅಕ್ಕ. ಚಾಪೆಯ ಮೇಲೆ ಅವಳ ಹೆಬ್ಬೆರಳು ಮಾತ್ರ ಮೆಲ್ಲಗೆ ತಿರುಗುತ್ತಲೇ ಇತ್ತು.