ನಿಂಗರಾಜಣ್ಣ ಕಟ್ಟಿದ ಸೆಕ್ಷನ್

ನಿಂಗರಾಜಣ್ಣನಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. ಸಿಟ್ಟು ಹೆಚ್ಚಿದಷ್ಟೂ ಇಳಿಯುತ್ತಿತ್ತು. ಪೂರ್ತಿ ಕೆರಳಿದಾಗ ಎದುರಿಗೆ ನಿಂತವನು ಮುಂದಕ್ಕೆ ಬಾಗಿ ಕಿವಿಗೊಡಬೇಕು, ಹಾಗೆ ಮಾತಾಡುತ್ತಿದ್ದ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

“ಸುರಂಗದೊಳಗೆ ಕೂಗಿದ್ರೆ ಮಾತು ಒಡ್ದೋಗ್ತೈತೆ ಮಾಸ್ಟ್ರೇ. ಸದ್ದು ಮಾತ್ರ ಬತ್ತೈತೆ, ಏನಂದ ಅಂತ ತಿಳಿಯಲ್ಲ. ಮೆತ್ತಗೆ ಹೇಳಿದ್ರೆ ಆ ತುದೀಲಿ ಇರೋನಿಗೂ ತಿಳೀತೈತೆ,” ಎಂದಿದ್ದ.

ನಾನು ಎಡಕುಮೇರಿಗೆ ಸ್ಟೇಷನ್ ಮಾಸ್ಟರ್ ಆಗಿ ಹೋದಾಗ ಅವನು ಅಲ್ಲಿ ಕೀಮ್ಯಾನ್. ಬೆಳಿಗ್ಗೆ ಹೆಗಲಿಗೆ ಉದ್ದನೆಯ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟಗಳ ಸುರುಳಿ. ಹಳಿಯುದ್ದಕ್ಕೂ ನಡೆದು ಸಡಿಲವಾದ ಬೋಲ್ಟುಗಳನ್ನು ಬಿಗಿಮಾಡಬೇಕು, ಗುಡ್ಡದಿಂದ ಉರುಳಿದ ಕಲ್ಲುಗಳನ್ನು ಸರಿಸಬೇಕು, ಸಂಜೆಗೆ ಹಿಂದಿರುಗಬೇಕು. ಅವನ ಪಾಲಿನ ಸೆಕ್ಷನ್ನಿನಲ್ಲಿ ಎರಡು ಸೇತುವೆ, ಮೂರು ಸುರಂಗ. ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಒಬ್ಬ ಆಳು ನಿಲ್ಲುವಷ್ಟು ಗೂಡು ಬಿಟ್ಟಿರುತ್ತಾರೆ. ಒಳಗಿರುವಾಗ ರೈಲು ಬಂದರೆ ಅದರಲ್ಲಿ ಬೆನ್ನು ಒತ್ತಿ ನಿಲ್ಲಬೇಕು. ಯಾವ ಗೂಡಿನಿಂದ ಯಾವ ಗೂಡಿಗೆ ಎಷ್ಟು ಹೆಜ್ಜೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಎಡಕುಮೇರಿಗೆ ರಸ್ತೆಯಿಲ್ಲ. ಅಕ್ಕಿ, ಬೇಳೆ, ತರಕಾರಿ, ಎಲ್ಲವೂ ರೈಲಿನಲ್ಲಿ ಬರಬೇಕು. ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ನಿಂಗರಾಜಣ್ಣನ ಮನೆ ಹೆತ್ತೂರಿನಾಚೆ. ಹೆಂಡತಿ ಸಾವಿತ್ರಮ್ಮ ಅಲ್ಲಿ ಏಲಕ್ಕಿ, ಮೆಣಸು ನೋಡಿಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದ. ಅವನ ತಂಗಿಯ ಮಗಳು ಹೊಸ ಫೋನ್ ಕೊಂಡಾಗ ಹಳೆಯದನ್ನು ಮಾವನಿಗೆ ಕೊಟ್ಟಳು. ಅದರೊಳಗೆ ಆ ಆಟ ಇತ್ತು.

ಆಟ ಬಹಳ ಸರಳ. ಒಂದು ಪುಟ್ಟ ಬೊಂಬೆ ಎಡದಿಂದ ಬಲಕ್ಕೆ ಓಡುತ್ತದೆ. ನಾವು ಅದನ್ನು ಹಾರಿಸಿ, ಗುಂಡಿ ದಾಟಿಸಿ, ಮುಳ್ಳು ತಪ್ಪಿಸಿ ಕೊನೆಯಲ್ಲಿರುವ ಬಾಗಿಲು ಮುಟ್ಟಿಸಬೇಕು. ಇದರ ವಿಶೇಷವೆಂದರೆ ದಾರಿಯನ್ನು ಆಡುವವರೇ ಕಟ್ಟಬಹುದು. ಇಟ್ಟಿಗೆ, ಗುಂಡಿ, ಗರಗಸ, ಬೇಕಾದ್ದನ್ನು ಬೇಕಾದಲ್ಲಿ ಇಟ್ಟು, ಲೆವೆಲ್ ಒಂದನ್ನು ಮಾಡಿ, ಹೆಸರು ಕೊಟ್ಟು ಹಂಚಿದರೆ ಜಗತ್ತಿನಲ್ಲಿ ಯಾರು ಬೇಕಾದರೂ ಆಡುತ್ತಾರೆ. ನಿಂಗರಾಜಣ್ಣ ಸಕಲೇಶಪುರಕ್ಕೆ ಹೋದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ವೈಫೈನಲ್ಲಿ ಪರರ ಲೆವೆಲ್‌ಗಳನ್ನು ತುಂಬಿಕೊಂಡು ಬಂದು, ಇಲ್ಲಿ ಕ್ವಾರ್ಟರ್ಸಿನ ಜಗಲಿಯಲ್ಲಿ ಕೂತು ಆಡುತ್ತಿದ್ದ.

ಒಂದು ಸಂಜೆ ಫೋನನ್ನು ನನ್ನ ಮುಂದೆ ಹಿಡಿದ. ದನಿ ಆಗಲೇ ಇಳಿದಿತ್ತು.

“ನೋಡಿ. ಇಲ್ಲಿ ನೆಲ ಐತೆ, ಅಲ್ವಾ? ಕಾಲಿಟ್ರೆ ಇಲ್ಲ. ಹುಸಿ ನೆಲ. ಕಾಣ್ದಂಗೆ ಗುಂಡಿ ತೋಡಿ, ಬಿದ್ದೋನ್ನ ನೋಡಿ ನಗೋದಂತೆ. ಇಂಥೋನ್ನ ನಮ್ ಗ್ಯಾಂಗಿಗೆ ಹಾಕ್ಕೋಬೇಕು, ಒಂದು ಮಳೆಗಾಲ ಹಳಿ ಮೇಲೆ ನಡಿಸ್ಬೇಕು.”

“ಆಟ ಅಲ್ವಾ ನಿಂಗರಾಜಣ್ಣ.”

“ಆಟಾನೇ. ಆಟದಲ್ಲೂ ಮೋಸ ಮಾಡೋನು ಇನ್ನೆಲ್ಲಿ ಬುಡ್ತಾನೆ?”

ಮರುದಿನದಿಂದ ತಾನೇ ಕಟ್ಟತೊಡಗಿದ. ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದ. ನಾನು ಆಟದಲ್ಲಿ ಮಹಾ ದಡ್ಡ. ನಾನು ಸತ್ತಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಕಾಣ್ಲಿಲ್ವಾ, ಕಂಡೂ ತಪ್ಪಿದ್ರಾ?” ಕಾಣಲಿಲ್ಲ ಎಂದರೆ ಒಂದು ಮಾತೂ ಆಡದೆ ಅದನ್ನು ಕಿತ್ತು ಬೇರೆ ಮಾಡುತ್ತಿದ್ದ. ಕಂಡೂ ತಪ್ಪಿದೆ ಎಂದರೆ, “ಹಂಗಾದ್ರೆ ಕಲೀರಿ,” ಎಂದು ಬಿಟ್ಟುಬಿಡುತ್ತಿದ್ದ. ಕಟ್ಟಿದವನು ತನ್ನ ಲೆವೆಲ್ಲನ್ನು ತಾನೇ ಒಂದು ಸಲ ದಾಟಿ ತೋರಿಸದೆ ಹಂಚುವಂತಿಲ್ಲ ಎಂಬುದು ಆ ಆಟದ ನಿಯಮ. ಅವನಿಗೆ ಅದು ಬಹಳ ಹಿಡಿಸಿತ್ತು. “ಇದೊಂದು ಸರಿಯಾಗಿ ಮಾಡವ್ರೆ,” ಎನ್ನುತ್ತಿದ್ದ.

ಆ ಮಳೆಗಾಲವೆಲ್ಲ ಅವನು ತನ್ನ ಸೆಕ್ಷನ್ನನ್ನೇ ಕಟ್ಟಿದ. ಎರಡು ಸೇತುವೆ, ಮೂರು ಸುರಂಗ, ಹಿಂದಿನಿಂದ ಬರುವ ಗೂಡ್ಸ್ ರೈಲು. ರೈಲು ಬರುವ ಮೊದಲು ಹಳಿ ಸಣ್ಣಗೆ ನಡುಗುತ್ತದೆ. ಅದನ್ನು ಕಂಡವನು ಓಡಿ ಗೂಡು ಸೇರಿದರೆ ಉಳಿದ. ಹೆಜ್ಜೆಯ ಲೆಕ್ಕಕ್ಕೆ ಇಷ್ಟು ಇಟ್ಟಿಗೆ ಎಂದು ಗೂಡುಗಳನ್ನು ನಿಜವಾದ ಅಂತರದಲ್ಲೇ ಇಟ್ಟ. ನಡುವಿನ ಸುರಂಗದಲ್ಲಿ ಮಾತ್ರ ಎರಡು ಗೂಡುಗಳ ನಡುವೆ ದೂರ ಹೆಚ್ಚು. ನಾನು ಅಲ್ಲಿ ಸತ್ತು ಸತ್ತು ಬೇಸತ್ತು ಫೋನ್ ಕೆಳಗಿಟ್ಟೆ. ಅವನು ನನ್ನ ಮುಖ ನೋಡಿ, ಜೀವನದಲ್ಲಿ ಮೊದಲ ಸಲವೋ ಏನೋ, ತನ್ನ ಹಟ ಬಿಟ್ಟ. “ಆಗ್ಲಿ ಮಾರಾಯ್ರೆ, ನಿಮ್ಮಂಥೋರಿಗೆ ಅಂತ ಇಲ್ಲೊಂದು ಗೂಡು ಹೆಚ್ಚಿಗೆ ಇಡ್ತೀನಿ,” ಎಂದು ನಡುವೆ ಒಂದು ಗೂಡು ಸೇರಿಸಿದ. ನಾನು ದಾಟಿದೆ. ಇಬ್ಬರೂ ನಕ್ಕೆವು.

ಮಳೆ ನಿಂತ ಮೇಲೆ ಸಕಲೇಶಪುರದ ಅದೇ ಹೋಟೆಲಿನಲ್ಲಿ ಕೂತು ಅದನ್ನು ಹಂಚಿದೆವು. ಅವನಿಗೆ ಇಂಗ್ಲಿಷ್ ಬಾರದು. ಹೆಸರು, ವಿವರ ಬರೆಯುವುದು ನನ್ನ ಪಾಲು.

“ಜಾಗದ ಹೆಸರು ಬ್ಯಾಡ ಮಾಸ್ಟ್ರೇ. ಜನ ಬರ್ತಾರೆ.”

ಹಳಿಯ ಮೇಲೆ ನಡೆಯಬಾರದೆಂದು ನಿಷೇಧವಿದ್ದರೂ ಚಾರಣವೆಂದು ಬರುವವರು ಆಗಲೂ ಇದ್ದರು. ಎಷ್ಟೋ ಜನರನ್ನು ಅವನೇ ಹಿಡಿದು ವಾಪಸು ಕಳಿಸಿದ್ದ. ಹೂಂ ಎಂದೆ. ಹಾಗೆಂದವನೇ ಬರೆದೆ: ಇದು ನಿಜವಾದ ಜಾಗ, ಸಕಲೇಶಪುರದ ಕೆಳಗಿನ ಎಡಕುಮೇರಿ, ಇದನ್ನು ಕಟ್ಟಿದವರು ಇಲ್ಲಿ ದಿನಾ ನಡೆಯುವ ಕೀಮ್ಯಾನ್. ಯಾಕೆ ಬರೆದೆ? ಹೆಮ್ಮೆ. ಅವನ ಮೇಲಿನ ಹೆಮ್ಮೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಂಥವನು ನನ್ನ ಸ್ಟೇಷನ್ನಿನವನು ಎಂಬ ಹೆಮ್ಮೆಯೇ ಅದರಲ್ಲಿ ಹೆಚ್ಚಿತ್ತು.

ತಿಂಗಳು ಕಳೆದು ಮತ್ತೆ ಆ ಹೋಟೆಲಿಗೆ ಹೋದಾಗ ಸಾವಿರಾರು ಜನ ಆಡಿದ್ದರು. ಆಟಗಳನ್ನು ಆಡಿ ವಿಡಿಯೋ ಹಾಕುವ ಬೆಂಗಳೂರಿನವನೊಬ್ಬ ನಮ್ಮ ಸೆಕ್ಷನ್ ಆಡಿ ತೋರಿಸಿದ್ದ. ಅಕ್ಕಿರೊಟ್ಟಿ ತಿನ್ನುತ್ತ ಇಬ್ಬರೂ ಒಂದೇ ಫೋನಿನಲ್ಲಿ ನೋಡಿದೆವು. ಅವನು ಮೊದಲ ಗೂಡು ಸೇರಿ ಉಸಿರು ಬಿಟ್ಟಾಗ ನಿಂಗರಾಜಣ್ಣನ ಮುಖ ಅರಳಿತು. ಕೊನೆಯಲ್ಲಿ ಆ ಮನುಷ್ಯ ಕ್ಯಾಮೆರಾದ ಹತ್ತಿರ ಬಂದು, “ಇದು ನಿಜವಾಗ್ಲೂ ಇರೋ ಜಾಗ ಗುರು. ಎಡಕುಮೇರಿ. ಧೈರ್ಯ ಇದ್ದೋರು ಹೋಗಿ ಒರಿಜಿನಲ್ ಆಡ್ಕೊಂಡು ಬನ್ನಿ, ವಿಡಿಯೋ ಕಳ್ಸಿ, ನಾನು ಹಾಕ್ತೀನಿ,” ಎಂದ.

ನಿಂಗರಾಜಣ್ಣ ಲೋಟ ಕೆಳಗಿಟ್ಟ.

“ಅವ್ನಿಗೆ ಹೆಂಗೆ ಗೊತ್ತಾಯ್ತು?”

“ಗೊತ್ತಿಲ್ಲ,” ಎಂದೆ.

ಅವತ್ತೇ ಆ ಸಾಲನ್ನು ಅಳಿಸಬಹುದಿತ್ತು. ಅವನ ಫೋನ್ ಕೇಳಿದರೆ ಅನುಮಾನ ಬರುತ್ತದೆಂದು ಅಳಿಸಲಿಲ್ಲ.

ಅದಾದ ಮೂರನೇ ಭಾನುವಾರ ಬಂದರು. ಆರು ಜನ, ಎಲ್ಲ ಇಪ್ಪತ್ತರ ಆಸುಪಾಸಿನವರು. ಬೆಳಿಗ್ಗೆಯೇ ಮೇಲಿನಿಂದ ಹಳಿ ಹಿಡಿದು, ಸ್ಟೇಷನ್ ಹತ್ತಿರ ನಮ್ಮ ಕಣ್ಣು ತಪ್ಪಿಸಿ, ಕೆಳಕ್ಕೆ ಇಳಿದಿದ್ದರು. ನಡುವಿನ ಸುರಂಗದ ಹತ್ತಿರ ಅವರು ನಿಂಗರಾಜಣ್ಣನ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗಿನಿಂದ ಗೂಡ್ಸ್ ಹೊರಟಾಗಿತ್ತು. ಅದಕ್ಕೆ ಸಿಗ್ನಲ್ ಕೊಟ್ಟವನು ನಾನೇ. ಐದು ಜನ ಅವನ ಮಾತು ಕೇಳಿ ಹೊರಗೇ ನಿಂತರು. ಒಬ್ಬ ಫೋನ್ ಹಿಡಿದುಕೊಂಡು ಆಗಲೇ ಒಳಗೆ ಓಡಿದ್ದ. ನಿಂಗರಾಜಣ್ಣ ಕೆಂಪು ಬಾವುಟ ಬಿಚ್ಚಿ, ಅದನ್ನು ಬೀಸುತ್ತ ಅವನ ಹಿಂದೆಯೇ ಸುರಂಗ ಹೊಕ್ಕು ರೈಲಿನ ಕಡೆಗೆ ಓಡಿದ. ಡ್ರೈವರ್ ಕಂಡು ಬ್ರೇಕ್ ಹಾಕಿದ. ಏರು ಹತ್ತುವ ರೈಲು, ವೇಗವಿರಲಿಲ್ಲ. ಆದರೂ ಅಷ್ಟು ಭಾರ ನಿಲ್ಲಲು ಸ್ವಲ್ಪ ದೂರ ಬೇಕು. ಗೂಡು ಹುಡುಕಿ ಗೋಡೆ ತಡವುತ್ತಿದ್ದ ಹುಡುಗನ ಎಡ ಪಾದ ಆ ಸ್ವಲ್ಪ ದೂರದಲ್ಲಿ ಹೋಯಿತು.

ನಿಂಗರಾಜಣ್ಣ ಹಸಿರು ಬಾವುಟ ಹರಿದು ಅವನ ಕಾಲು ಕಟ್ಟಿದ. ಎಂಜಿನ್ನಿನಲ್ಲೇ ಮಲಗಿಸಿ ಸಕಲೇಶಪುರಕ್ಕೆ ಒಯ್ಯಬೇಕಿತ್ತು. ಸ್ಟೇಷನ್ನಿನಲ್ಲಿ ರೈಲು ನಿಂತಾಗ ನಾನು ಓಡಿ ಹೋದೆ. ಹುಡುಗನಿಗೆ ಎಚ್ಚರವಿತ್ತು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

“ಗೇಮಲ್ಲಿ ಅಲ್ಲೊಂದು ಗೂಡಿತ್ತು ಅಣ್ಣ. ಗೇಮಲ್ಲಿ ಇತ್ತು.”

ನಿಂಗರಾಜಣ್ಣ ನನ್ನ ಕಡೆ ನೋಡಲಿಲ್ಲ. ಉಳಿದ ಐವರಲ್ಲಿ ಒಬ್ಬಳನ್ನು, ಈ ಜಾಗ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಅವಳು ಅಳುತ್ತ, ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಚಿತ್ರ ತೋರಿಸಿದಳು. “ಲೆವೆಲ್ ಮಾಡಿರೋರೇ ಬರ್ದಿದಾರಲ್ಲ ಸರ್, ಎಡಕುಮೇರಿ ಅಂತ.”

ರೈಲು ಹೋದ ಮೇಲೆ ಅವನು ನನ್ನ ಕೋಣೆಗೆ ಬಂದ. ಬಾಗಿಲ ಹತ್ತಿರವೇ ನಿಂತ. ಮಾತು ಕೇಳಿಸಿಕೊಳ್ಳಲು ನಾನು ಕುರ್ಚಿಯಿಂದ ಏಳಬೇಕಾಯಿತು.

“ನಾನು ಬ್ಯಾಡ ಅಂದಿದ್ದೆ.”

“ಹೌದು.”

“ಹೂಂ ಅಂದು ಬರೆದ್ರಿ.”

“ಹೌದು.”

“ಹೋಟ್ಲಲ್ಲಿ ಕೇಳಿದ್ರೆ ಗೊತ್ತಿಲ್ಲ ಅಂದ್ರಿ.”

ನಾನು ತಲೆಯಾಡಿಸಿದೆ.

“ಇಲ್ದಿರೋ ಗೂಡು ಇಟ್ಟೋನು ನಾನು. ಹುಸಿ ನೆಲ ಇಟ್ಟೋರ್ನ ಬೈತಿದ್ದೋನು ಹುಸಿ ಗೂಡು ಇಟ್ಟುಬುಟ್ಟೆ. ಅದು ನನ್ ತಪ್ಪು, ಅದನ್ನ ನಾನು ಹೊತ್ಕೋತೀನಿ. ಹೆಸರು ಬರ್ದಿದ್ದು ನಿಮ್ದು. ನನ್ ತಪ್ಪು ಐತೆ ಅಂತ ನಿಮ್ದು ಕಮ್ಮಿ ಆಗಲ್ಲ.”

ಮರುದಿನ ಸಕಲೇಶಪುರಕ್ಕೆ ಹೋಗಿ ಲೆವೆಲ್ಲನ್ನು ಅಳಿಸಿದ. ಅಷ್ಟರಲ್ಲಿ ಅದನ್ನು ಇಳಿಸಿಕೊಂಡವರು ತಮ್ಮ ತಮ್ಮ ಹೆಸರಿನಲ್ಲಿ ಮತ್ತೆ ಹಂಚಿದ್ದರು. ಆ ಗೂಡೂ ಸೇರಿ, ಎಡಕುಮೇರಿ ಎಂಬ ಹೆಸರೂ ಸೇರಿ. ಅವನು ಹೇಳಿದ, ನಾನು ಬರೆದೆ. ಇಂಥ ಜಾಗ, ಇಂಥ ಅಪಾಯ, ಒಬ್ಬ ಹುಡುಗನ ಪಾದ ಹೋಗಿದೆ, ದಯವಿಟ್ಟು ತೆಗೆಯಿರಿ ಎಂದು ಆಟದ ಕಂಪನಿಗೆ ಪತ್ರ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಯಂತ್ರ ಉತ್ತರ ಕಳಿಸಿತು. ಎರಡನೇ ಪತ್ರಕ್ಕೂ ಅದೇ ಉತ್ತರ, ಅಕ್ಷರ ಬದಲಿಲ್ಲದೆ. ಬೆಂಗಳೂರಿನ ವಿಡಿಯೋದವನು ಅಪಘಾತದ ಬಗ್ಗೆಯೇ ಇನ್ನೊಂದು ವಿಡಿಯೋ ಮಾಡಿದ. ಹಿಂದೆ ಶೋಕದ ಪಿಟೀಲು. ಮೊದಲಿಗಿಂತ ಅದನ್ನು ಹೆಚ್ಚು ಜನ ನೋಡಿದರು. ನಾನು ಅವನಿಗೆ ಉದ್ದನೆಯ ಪತ್ರ ಬರೆದೆ. ಮುಗಿದ ಎರಡು ಕೈಗಳ ಪುಟ್ಟ ಚಿತ್ರ ಬಂತು, ಅಷ್ಟೇ.

ಅಲ್ಲಿಂದಾಚೆ ನಿಂಗರಾಜಣ್ಣ ನನ್ನೊಡನೆ ಡ್ಯೂಟಿಗೆ ಬೇಕಾದಷ್ಟೇ ಮಾತಾಡಿದ. ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಂಡ. ಮನೆಗೆ ಹೋಗಲಿಲ್ಲ. ಡ್ಯೂಟಿಯಿಲ್ಲದ ಆ ದಿನ ಸುರಂಗದ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದ. ನನಗೆ ವರ್ಗವಾಗುವವರೆಗೂ ನಾನು ಅದನ್ನು ನೋಡಿದೆ. ಅವನು ನಿವೃತ್ತನಾಗುವವರೆಗೂ ಒಂದು ಭಾನುವಾರವೂ ತಪ್ಪಿಸಲಿಲ್ಲವೆಂದು ಆಮೇಲೆ ಗ್ಯಾಂಗಿನವರು ಹೇಳಿದರು.

ಕಳೆದ ವರ್ಷ ಅವನ ಮನೆಗೆ ಹೋದೆ. ಸಾವಿತ್ರಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಅಂಗಳದ ಕಲ್ಲಿನ ಮೇಲೆ ಅವನು, ಎದುರಿಗೆ ನಾನು. ಬಹಳ ಸಣ್ಣಗಾಗಿದ್ದ. ಎದೆಯ ತೊಂದರೆಗೆ ಹಾಸನದಲ್ಲಿ ತೋರಿಸುತ್ತಿದ್ದರಂತೆ. ಹುಡುಗನನ್ನು ಮತ್ತೆ ನೋಡಿದಿರಾ ಎಂದು ಕೇಳಿದೆ.

“ಎರಡು ಸಲ ಹೋಗಿದ್ದೆ. ಮೊದಲ್ನೇ ಸಲ ಅವ್ರಮ್ಮ ಬಾಗ್ಲು ತೆಗೀಲಿಲ್ಲ. ಸರಿಯಾಗೇ ಮಾಡಿದ್ರು. ಎರಡ್ನೇ ಸಲ ಹುಡುಗನೇ ಬಂದ, ಕೃತಕ ಪಾದ ಹಾಕ್ಕೊಂಡು. ಅಂಕಲ್, ಆ ಲೆವೆಲ್ ನೀವೇ ಮಾಡಿದ್ದಾ, ಸೂಪರ್ ಆಗೈತೆ, ಅಂದ.” ಖಾಲಿ ಲೋಟಗಳನ್ನು ಪಕ್ಕಕ್ಕೆ ಸರಿಸಿದ. “ಬೈದಿದ್ರೆ ಒಳ್ಳೇದಿತ್ತು.”

ನಾನು ಪ್ರತಿ ವಾರ ಕೂತು ಆ ಸೆಕ್ಷನ್ನಿನ ನಕಲುಗಳನ್ನು ಹುಡುಕುತ್ತೇನೆ, ಹಂಚಿದವರಿಗೆ ಒಬ್ಬೊಬ್ಬರಿಗೇ ಬರೆಯುತ್ತೇನೆ, ಕೆಲವರು ತೆಗೆಯುತ್ತಾರೆ, ಉಳಿದವರ ಮೇಲೆ ದೂರು ಕೊಡುತ್ತೇನೆ ಎಂದೆ. ಅವನು ಗಮನವಿಟ್ಟು ಕೇಳಿದ. ಎಷ್ಟು ಉಳಿದಿವೆ ಎಂದು ವಿಚಾರಿಸಿದ. ನನಗೆ ಧೈರ್ಯ ಬಂತು.

“ನನ್ನ ಮೇಲೆ ಇನ್ನೂ ಸಿಟ್ಟೈತಾ ನಿಂಗರಾಜಣ್ಣ?”

“ಐತೆ.”

“ಇಷ್ಟು ವರ್ಷ ಆಯ್ತಲ್ಲ.”

“ಮಾಸ್ಟ್ರೇ, ನಾನು ಕ್ಷಮಿಸ್ಬುಟ್ರೆ ನೀವು ಹುಡ್ಕೋದು ನಿಲ್ಲಿಸ್ಬುಡ್ತೀರಿ. ನಿಮ್ಮನ್ನ ನಾನು ಬಲ್ಲೆ,” ಎಂದ. ಹೆತ್ತೂರಿನ ಬಸ್ಸಿಗೆ ಹೊತ್ತಾಯಿತೆಂದು ತಾನೇ ರಸ್ತೆಯವರೆಗೆ ಬಂದು, ಜೀಪೊಂದನ್ನು ನಿಲ್ಲಿಸಿ ನನ್ನನ್ನು ಹತ್ತಿಸಿದ.

ಅವನು ಹೋಗಿ ಎಂಟು ತಿಂಗಳಾಯಿತು. ಮೊನ್ನೆ ಇನ್ನೊಂದು ನಕಲು ಸಿಕ್ಕಿತು. ಹಂಚಿದವನು ಯಾವುದೋ ದೂರದ ಊರಿನವನು. ಬರೆದಿದ್ದೇನೆ, ಉತ್ತರ ಬಂದಿಲ್ಲ. ನಾಳೆ ಮತ್ತೆ ಬರೆಯಬೇಕು.